ಬ್ರೇಕ್ ಮೇಷ್ಟ್ರ ಬೆಳಗಿನ ಇನ್ಸುಲಿನ್

ಬೆಳಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ ಬ್ರೇಕ್ ಮೇಷ್ಟ್ರು ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು ಇನ್ಸುಲಿನ್ ಪೆನ್ನಿನ ತುದಿ ತಿರುಗಿಸುತ್ತಿದ್ದರು. ಅದರ ಟಿಕ್ ಟಿಕ್ ಹೊರಗೆ ಕೇಳಬಾರದೆಂದು ನಲ್ಲಿ ಬಿಟ್ಟಿದ್ದರು. ಹಿಂದಿನ ಸಂಜೆ ಆಸ್ಪತ್ರೆಯವರು ಬಿಡಿಸಿ ಹೇಳಿದ್ದರು: ರಾತ್ರಿ ಊಟ ಆದ ಮೇಲೆ ಏನೂ ತಿನ್ನಬಾರದು, ಬೆಳಗ್ಗೆ ಇನ್ಸುಲಿನ್ ತೆಗೆದುಕೊಳ್ಳಬಾರದು, ಆಪರೇಷನ್ನಿಗೆ ಬಂದ ಮೇಲೆ ಸಕ್ಕರೆ ನೋಡಿ ಎಷ್ಟು ಬೇಕೋ ಅಷ್ಟನ್ನು ನಾವೇ ಕೊಡುತ್ತೇವೆ. ಮೇಷ್ಟ್ರು ಮೊದಲ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಪೆನ್ನಿನ ಪುಟ್ಟ ಕಿಟಕಿಯಲ್ಲಿ ಯೂನಿಟ್ಟಿನ ಅಂಕಿ ಬಂದು ನಿಂತಾಗ ಅದನ್ನು ಗಟ್ಟಿಯಾಗಿ ಹೇಳಿದರು. ಹೇಳಬೇಕೆಂದು ಹೇಳಿದ್ದಲ್ಲ. ಇನ್ಸುಲಿನ್ ಶುರುವಾದ ಕಾಲದಲ್ಲಿ ಚುಚ್ಚಿಕೊಳ್ಳುವುದನ್ನು ಕಲಿಸಿದ ನರ್ಸಮ್ಮ, "ಅಂಕಿನ ಬಾಯ್ಬಿಟ್ಟು ಹೇಳಿ ಮೇಷ್ಟ್ರೇ. ಕಣ್ಣು ತಪ್ಪಿದ್ರೂ ಕಿವಿ ಹಿಡಿಯುತ್ತೆ" ಎಂದಿದ್ದರು. ಅಂದಿನಿಂದ ಹೇಳದೆ ಚುಚ್ಚಿಕೊಂಡದ್ದೇ ಇಲ್ಲ. ಹೊಟ್ಟೆಯ ಚರ್ಮ ಹಿಡಿದು ಸೂಜಿ ಇಳಿಸಿ, ಗುಂಡಿ ಒತ್ತಿ, ಪೆನ್ನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದರು.

"ಇಷ್ಟೊತ್ತು ಏನ್ ಮಾಡ್ತಿದ್ರಿ ಒಳಗೆ?" ಹೆಂಡತಿ ಬಾಗಿಲ ಹೊರಗೇ ನಿಂತಿದ್ದರು.

"ಹಲ್ಲುಜ್ತಿದ್ದೆ ಕಣೆ."

"ಏನೋ ಲೆಕ್ಕ ಹೇಳಿದ ಹಾಗೆ ಕೇಳಿಸ್ತು?"

"ಹಲ್ಲು ಎಣಿಸ್ತಿದ್ದೆ. ಆಸ್ಪತ್ರೆಯವರ ಕೈಗೆ ಸಿಗೋ ಮುಂಚೆ ಎಲ್ಲಾ ಇದಾವಾ ಅಂತ ನೋಡ್ಕೋಬೇಡ್ವಾ? ವಾಪಸ್ ಬಂದಾಗ ಒಂದು ಕಮ್ಮಿ ಇದ್ರೂ ಕೇಳ್ಬಹುದು."

ಆಕೆ ನಕ್ಕರು. ಆದರೆ ಕೇಳಿದ ಅಂಕಿ ಕಿವಿಯಲ್ಲೇ ಉಳಿಯಿತು.

ಮೇಷ್ಟ್ರದು ಕಾರು ಓಡಿಸಲು ಕಲಿಸುವ ಕೆಲಸ. ಕಲಿಯುವವರ ಪಕ್ಕದ ಸೀಟು ಅವರದು. ಅವರ ಕಾಲ ಬುಡದಲ್ಲೂ ಒಂದು ಬ್ರೇಕು. ಅದರ ರಬ್ಬರು ಸವೆದು ನುಣ್ಣಗಾಗಿತ್ತು. ಹೊಸದಾಗಿ ಸ್ಟಿಯರಿಂಗ್ ಹಿಡಿದವರಿಗೆ, "ನಿಮ್ಮ ತಪ್ಪಿಗೆ ನನ್ನ ಕಾಲಿದೆ, ನೀವು ಮುಂದೆ ನೋಡಿ" ಎನ್ನುತ್ತಿದ್ದರು. ಮನೆಯಲ್ಲಿ ಟೀವಿ ನೋಡುವಾಗ ಪರದೆಯ ಮೇಲೆ ಗಾಡಿಯೊಂದು ನುಗ್ಗಿ ಬಂದರೂ ಬಲಗಾಲು ನೆಲವನ್ನು ಒತ್ತುತ್ತಿತ್ತು. "ನಮ್ಮನೆ ನೆಲಕ್ಕೂ ಒಂದು ಬ್ರೇಕ್ ಹಾಕಿಸ್ಬಿಡಿ. ಪಾಪ, ನಿಮ್ಮ ಕಾಲಿಗಾದ್ರೂ ಸಮಾಧಾನ ಆಗ್ಲಿ" ಎಂದು ಹೆಂಡತಿ ಛೇಡಿಸುತ್ತಿದ್ದರು.

ಕಾರಿನ ಮುಂದಿನ ಖಾನೆಯಲ್ಲೂ ಮೇಷ್ಟ್ರ ಅಂಗಿಯ ಜೇಬಿನಲ್ಲೂ ಸದಾ ಚಾಕಲೇಟುಗಳಿರುತ್ತಿದ್ದವು. ಚೆನ್ನಾಗಿ ಓಡಿಸಿದವರಿಗೆ ಕೊಡಲೆಂದು ಇಟ್ಟಿದ್ದಾರೆ ಅಂತ ಶಿಷ್ಯರು ತಿಳಿದಿದ್ದರು. ಒಮ್ಮೆ ಸಿಗ್ನಲ್ಲಿನಲ್ಲಿ ಮೇಷ್ಟ್ರಿಗೆ ಸಕ್ಕರೆ ಇಳಿದು ಕೆಂಪು ದೀಪ ಎರಡಾಗಿ ಕಂಡು, ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು. ಗಾಡಿ ಪಕ್ಕಕ್ಕೆ ಹಾಕಿಸಿ, ಟೈರು ನೋಡುವ ನೆಪದಲ್ಲಿ ಇಳಿದು, ಹಿಂದೆ ನಿಂತು ಎರಡು ಚಾಕಲೇಟು ಅಗಿದು ನುಂಗಿದ್ದರು. ಆಮೇಲೂ ಹಾಗೆ ಆಗಿದ್ದುಂಟು. ಅದು ಹೆಂಡತಿಯೊಬ್ಬರಿಗೇ ಗೊತ್ತು. ತಲೆ ಸುತ್ತುವ ಮೇಷ್ಟ್ರ ಪಕ್ಕದಲ್ಲಿ ತಮ್ಮ ಮಗಳನ್ನು ಯಾರು ಕೂರಿಸುತ್ತಾರೆ? ಹೀಗಾಗಿ ಯಾರಾದರೂ ಮೇಷ್ಟ್ರಿಗೆ ಹುಷಾರಿಲ್ಲವೇ ಎಂದು ಕೇಳಿದರೆ ಆಕೆಯ ಬಾಯಿಂದ ಮೊದಲು ಬರುತ್ತಿದ್ದ ಮಾತು "ಇಲ್ಲಪ್ಪ, ಏನಿಲ್ಲ."

ಸಕ್ಕರೆ ಇಳಿಯುವುದಕ್ಕಿಂತ ಏರಿರುವುದೇ ವಾಸಿ ಎಂದು ಮೇಷ್ಟ್ರು ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡಿದ್ದರು. ಪಾಠವಿರುವ ದಿನ ಬೆಳಗಿನ ಇಪ್ಪತ್ನಾಲ್ಕು ಯೂನಿಟ್ಟಿನಲ್ಲಿ ಅಷ್ಟಿಷ್ಟು ಕಡಿತ. ತಿಂಡಿಯ ತಟ್ಟೆಯಲ್ಲಿ ಅಷ್ಟಿಷ್ಟು ಹೆಚ್ಚು. ಕಾರು ಸುರಕ್ಷಿತವಾಗಿತ್ತು. ಅವರ ರಕ್ತ ಮಾತ್ರ ಪಾಕವಾಗುತ್ತಾ ಹೋಯಿತು.

ಅಷ್ಟರಲ್ಲಿ ಪಿತ್ತಕೋಶದ ಕಲ್ಲು ತನ್ನ ಆಟ ತೋರಿಸಿತು. ಒಂದು ಪಾಠದ ನಡುವೆ ನೋವು ಬಂದು ಮೇಷ್ಟ್ರು ಮುದುಡಿಕೊಂಡಾಗ ಕಾಲು ಬ್ರೇಕಿಗೆ ಎಟುಕಲಿಲ್ಲ. ಮುಂದೆ ನಿಂತಿದ್ದ ಬಸ್ಸಿಗೆ ಗೇಣು ದೂರದಲ್ಲಿ ಕಲಿಯುವ ಹುಡುಗಿಯೇ ಹೇಗೋ ಗಾಡಿ ನಿಲ್ಲಿಸಿದಳು. ಮರುದಿನವೇ ಆಪರೇಷನ್ನಿಗೆ ಒಪ್ಪಿಕೊಂಡರು. ಒಪ್ಪಿದ ಮಾತ್ರಕ್ಕೆ ಆಗಬೇಕಲ್ಲ! ಮೊದಲ ಸಲ ಬೆಳಗಿನ ಸಕ್ಕರೆ ಇನ್ನೂರ ಎಂಬತ್ತನಾಲ್ಕು, ಎರಡನೇ ಸಲ ಇನ್ನೂರ ಎಪ್ಪತ್ತೊಂದು. "ಇಷ್ಟು ಸಕ್ಕರೆ ಇದ್ರೆ ಗಾಯ ಮಾಯೋಲ್ಲ, ಕೀವಾಗುತ್ತೆ" ಎಂದು ಸರ್ಜನ್ ಎರಡು ಸಲವೂ ಮನೆಗೆ ಕಳಿಸಿದರು. ಮತ್ತೊಮ್ಮೆ ನೋವು ಬಂದಾಗ ಮುಂದೆ ಬಸ್ಸಿನ ಬದಲು ಮಗುವಿದ್ದರೆ? ಮೂರನೇ ಸಲವೂ ಹಾಗೇ ಮನೆಗೆ ಹಿಂದಿರುಗುವುದಿಲ್ಲ ಎಂದು ಮೇಷ್ಟ್ರು ಬಚ್ಚಲುಮನೆಯಲ್ಲಿ ನಿರ್ಧರಿಸಿದ್ದರು.

ಆಸ್ಪತ್ರೆಯಲ್ಲಿ ಈ ಸಲ ಬೆರಳು ಚುಚ್ಚಿ ನೋಡಿದಾಗ ನೂರ ನಲವತ್ತೆಂಟು. "ಪಾಸು!" ಎಂದು ಹೆಂಡತಿಗೆ ಕಣ್ಣು ಮಿಟುಕಿಸಿದರು.

ಅರಿವಳಿಕೆ ಕೊಡುವ ಡಾಕ್ಟರು, ಮಗಳ ವಯಸ್ಸಿನ ಹೆಂಗಸು, ಮಂಚದ ಪಕ್ಕ ಬಂದು ನಿಂತರು. "ಬೆಳಗ್ಗೆ ಇನ್ಸುಲಿನ್ ತಗೊಂಡಿಲ್ಲ ತಾನೇ?"

"ಇಲ್ಲ ಡಾಕ್ಟರೇ."

"ಸರಿಯಾಗಿ ಹೇಳಿ. ಎಚ್ಚರ ಇದ್ದಾಗ ಸಕ್ಕರೆ ಇಳಿದ್ರೆ ಕೈ ನಡುಗುತ್ತೆ, ಹಸಿವಾಗುತ್ತೆ, ನೀವೇ ಹೇಳ್ತೀರಿ. ನಾನು ನಿದ್ದೆ ಮಾಡಿಸಿದ ಮೇಲೆ ನೀವು ಹೇಳೋಲ್ಲ."

"ಹಾಗಾದ್ರೆ ಎರಡನೇ ಬ್ರೇಕು ನಿಮ್ಮ ಕಾಲಡಿ ಅನ್ನಿ."

ಡಾಕ್ಟರು ನಕ್ಕು, ಇನ್ಸುಲಿನ್ ಇಲ್ಲ ಎಂದು ಬರೆದುಕೊಂಡು ಹೋದರು. ಹಾಗೆ ಬರೆದುಕೊಂಡ ಕಾರಣಕ್ಕೇ ಮೇಷ್ಟ್ರಿಗೆ ಗ್ಲೂಕೋಸ್ ಡ್ರಿಪ್ಪು ಹಾಕಲಿಲ್ಲ. ಬರೀ ಸಲೈನ್ ಹಾಕಿದರು.

ಆಮೇಲೆ ಕಾಯುವುದು ಶುರುವಾಯಿತು. ಅಪಘಾತವಾದ ಒಬ್ಬನನ್ನು ಓಡೋಡಿ ತಂದರು. ಮೇಷ್ಟ್ರ ಸರದಿ ಹಿಂದಕ್ಕೆ ಹೋಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ತಣ್ಣಗಿತ್ತು. ಎದುರು ಬೆಂಚಿನ ಅಜ್ಜಿ ಕಿವಿ ಮುಚ್ಚುವಂತೆ ಶಾಲು ಹೊದ್ದಿದ್ದರು. ಮೇಷ್ಟ್ರ ಮೇಲ್ದುಟಿ ಮಾತ್ರ ಬೆವರುತ್ತಿತ್ತು. ಅವರ ಕೈ ಎದೆಯ ಮೇಲೆ ಚಾಕಲೇಟಿನ ಜೇಬು ಹುಡುಕಿತು. ಆಸ್ಪತ್ರೆಯ ಗೌನಿಗೆ ಜೇಬಿರಲಿಲ್ಲ.

ಹೆಂಡತಿ ಬಗ್ಗಿ ಪಿಸುಗುಟ್ಟಿದರು: "ರೀ, ನಿಜ ಹೇಳಿ. ತಗೊಂಡ್ರಾ?"

"ಸುಮ್ನಿರೇ. ಬಾಯ್ಬಿಟ್ರೆ ಮತ್ತೆ ಮನೆಗೆ ಕಳಿಸ್ತಾರೆ. ಯಾರು ಕೇಳಿದ್ರೂ ನಿಂಗೇನೂ ಗೊತ್ತಿಲ್ಲ."

"ನಂಗೆ ಭಯ ಆಗ್ತಿದೆ ಕಣ್ರೀ."

"ನನ್ನ ಪಕ್ಕ ಕೂತು ಯಾರಿಗಾದ್ರೂ ಏಟಾಗಿದ್ಯಾ ಇಲ್ಲಿವರೆಗೆ?"

ಉತ್ತರಕ್ಕೆ ಮೊದಲೇ ಸ್ಟ್ರೆಚರ್ ಬಂತು. ಬಾಗಿಲ ಬಳಿ ಇನ್ನೊಮ್ಮೆ ಬೆರಳು ಚುಚ್ಚಿದರು. ತೊಂಬತ್ತಾರು. "ಎಷ್ಟು ಚೆನ್ನಾಗಿದೆ ನೋಡಿ ಸಕ್ಕರೆ!" ಎಂದರು ನರ್ಸು. ಆ ಅಂಕಿ ಅಲ್ಲಿ ನಿಂತಿರಲಿಲ್ಲ, ಅಲ್ಲಿಂದ ಹಾದುಹೋಗುತ್ತಿತ್ತು ಎಂಬುದು ಆ ಕಾರಿಡಾರಿನಲ್ಲಿ ಇಬ್ಬರಿಗೆ ಮಾತ್ರ ತಿಳಿದಿತ್ತು. ಅವರಲ್ಲಿ ಒಬ್ಬರನ್ನು ಒಳಗೆ ತಳ್ಳಿಕೊಂಡು ಹೋದರು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅರಿವಳಿಕೆ ಡಾಕ್ಟರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ನೇರವಾಗಿ ಮೇಷ್ಟ್ರ ಹೆಂಡತಿಯ ಬಳಿ ಬಂದರು. ಈಗ ಮುಖದಲ್ಲಿ ನಗುವಿರಲಿಲ್ಲ.

"ಅಮ್ಮಾ, ಬೆಳಗ್ಗೆ ಅವರು ಇನ್ಸುಲಿನ್ ತಗೊಂಡ್ರಾ?"

"ಇಲ್ಲಪ್ಪ, ಏನಿಲ್ಲ." ಮಾತು ತಾನಾಗಿಯೇ ಬಂದುಬಿಟ್ಟಿತು.

"ಸಕ್ಕರೆ ಐವತ್ತೆಂಟಕ್ಕೆ ಬಂದಿತ್ತು. ಗ್ಲೂಕೋಸ್ ಕೊಟ್ಟೆ, ಏರಿತು. ಈಗ ಮತ್ತೆ ಅರವತ್ತಕ್ಕೆ ಇಳಿದಿದೆ. ಒಳಗೆ ಏನೋ ಎಳೀತಾ ಇದೆ. ಅವರನ್ನೇ ಕೇಳೋಣ ಅಂದ್ರೆ ನಿದ್ದೇಲಿದಾರೆ. ಮಿದುಳಿಗೆ ಸಕ್ಕರೆ ಸಾಲದೇ ಹೋದ್ರೆ ನಮಗದು ಗೊತ್ತಾಗೋದು ಎಬ್ಬಿಸೋಕೆ ಹೋದಾಗ್ಲೇ. ಅವರು ಏಳ್ದೇ ಇದ್ದಾಗ."

"ಆಪರೇಷನ್ ನಿಲ್ಲಿಸಿ ಮನೆಗೆ ಕಳಿಸ್ತೀರಾ?"

"ಅರ್ಧ ಆಗಿದೆ. ನಿಲ್ಲಿಸೋ ಮಾತೇ ಇಲ್ಲ. ಅವರನ್ನ ಬೈಯೋಕೂ ನಾನು ಬಂದಿಲ್ಲ. ಎಷ್ಟು ಅಂತ ಗೊತ್ತಾದ್ರೆ ಇನ್ನೆಷ್ಟು ಕೆಳಗಿಳಿಯುತ್ತೆ, ಎಷ್ಟೊತ್ತು ಗ್ಲೂಕೋಸ್ ಬಿಡ್ಬೇಕು ಅಂತ ಅಂದಾಜು ಸಿಗುತ್ತೆ. ದಿನಾ ತಗೊಳ್ಳೋ ಇಪ್ಪತ್ನಾಲ್ಕೇ ತಗೊಂಡ್ರಾ?"

ಹೌದೆಂದು ತಲೆಯಾಡಿಸಿದರೆ ಸಾಕಿತ್ತು. ದಿನದ ಅಭ್ಯಾಸಬಲ, ಮರೆತು ತೆಗೆದುಕೊಂಡರು ಎಂದರೆ ಮೇಷ್ಟ್ರ ಮಾನವೂ ಉಳಿಯುತ್ತಿತ್ತು. ಆಕೆಯ ಗದ್ದ ಅರ್ಧ ಕೆಳಗಿಳಿದೂ ಆಗಿತ್ತು. ಆಗ ಬೆಳಗಿನ ತಮಾಷೆ ನೆನಪಾಯಿತು. ಆಕೆಗೆ ತಿಳಿಯದೆಯೇ ನಾಲಗೆ ಹಲ್ಲಿನ ಸಾಲನ್ನು ಒಂದು ಸುತ್ತು ಸವರಿ ಬಂತು. ನಲ್ಲಿಯ ಸದ್ದಿನ ನಡುವೆ ಕೇಳಿದ ಆ ಅಂಕಿಯಷ್ಟು ಹಲ್ಲು ಯಾವ ಮನುಷ್ಯನ ಬಾಯಲ್ಲೂ ಇರುವುದಿಲ್ಲ.

ಆಕೆ ಡಾಕ್ಟರ ಕೈ ಹಿಡಿದುಕೊಂಡರು.

"ಬಚ್ಚಲಲ್ಲಿ ಬಾಯ್ಬಿಟ್ಟು ಹೇಳಿದ್ರು ಡಾಕ್ಟರಮ್ಮಾ. ನಾನೇ ಕೇಳಿಸ್ಕೊಂಡೆ. ಮೂವತ್ತಾರು."