ಉಪ್ಪಿನ ತೊಟ್ಟಿಯ ಕೆಳಗಿನ ಬಾವಿ

ತುಂಬಿದ ಬಾವಿಗೆ ತಾಮ್ರದ ಕೊಡ ಇಳಿಬಿಟ್ಟರೆ ಮೊದಲು ಧೊಪ್ಪೆಂದು ಬಿದ್ದು, ಆಮೇಲೆ ಓರೆಯಾಗಿ ಗುಳುಗುಳು ತುಂಬಿಕೊಳ್ಳುತ್ತದಲ್ಲ, ಆ ಸದ್ದು. ಇಷ್ಟು ವರ್ಷವಾದರೂ ನನ್ನ ಕಿವಿಯಲ್ಲಿದೆ. ಇಂಥದ್ದನ್ನೆಲ್ಲ ನಾನು ನಂಬುವವಳಾಗಿರಲಿಲ್ಲ. ಕಾನ್ವೆಂಟಿನಲ್ಲಿ ಕಲಿತವಳು, ಯಾವುದಕ್ಕೂ ‘ಪ್ರೂಫ್ ಎಲ್ಲಿ?’ ಎಂದು ಕೇಳುವುದನ್ನು ಸಿಸ್ಟರುಗಳು ಕಲಿಸಿದ್ದರು. ಶಿರಸಿಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಾಗ, ದೆವ್ವದ ಕಥೆ ತಂದ ಮಕ್ಕಳ ಬಾಯನ್ನು ನಾನೂ ಅದೇ ಪ್ರಶ್ನೆಯಿಂದ ಮುಚ್ಚಿಸುತ್ತಿದ್ದೆ.

ತೊಂಬತ್ತರ ದಶಕದ ನಡುವೆ ರಿಟೈರ್ ಆದೆ. ಕುಮಟೆಯ ಕಡೆ, ಸಮುದ್ರದ ಅಂಚಿನಲ್ಲಿ ಒಂದು ಹಳೆಯ ಕಟ್ಟಡ ಕೊಂಡೆ. ಬ್ರಿಟಿಷರ ಕಾಲದಲ್ಲಿ ಮೀನಿಗೆ ಉಪ್ಪು ಹಾಕಿ ಒಣಗಿಸಲು ಕಟ್ಟಿದ ಯಾರ್ಡ್ ಅದು. ಐಸು, ಲಾರಿ ಬಂದ ಮೇಲೆ ಕೆಲಸ ನಿಂತು ಬಾಗಿಲು ಮುಚ್ಚಿತ್ತು. ಚಿರೆಕಲ್ಲಿನ ಗೋಡೆ, ಒಳಗೆ ಸಾಲಾಗಿ ಆರು ಸಿಮೆಂಟು ತೊಟ್ಟಿ, ಬಾಗಿಲು ತೆಗೆದರೆ ಎದುರಿಗೇ ಸಮುದ್ರ. ನನಗೆ ನೋಡಿದ ಕೂಡಲೇ ಲವ್! ಮೀನು ಮುಟ್ಟದ ನಮ್ಮ ಮನೆಮಂದಿ ಮಾತ್ರ ಒಬ್ಬರೂ ಒಪ್ಪಲಿಲ್ಲ.

ಅಡ್ಡಿ ಬಂದದ್ದು ನೀರಿನಿಂದ. ಎರಡು ಕಡೆ ಬಾವಿ ತೋಡಿಸಿದರೂ ಉಪ್ಪುನೀರೇ. ಕುಡಿಯುವ ನೀರಿಲ್ಲದೆ ಮನೆ ಹೇಗಾದೀತು? ಮಾರಿಬಿಡುವುದೆಂದು ತೀರ್ಮಾನಿಸಿ, ಒಂದು ಮಧ್ಯಾಹ್ನ ತಮ್ಮನನ್ನೂ, ಕಟ್ಟಡಕ್ಕೆ ಬೆಲೆ ಕಟ್ಟಲು ಸಿದ್ದಾಪುರದ ಮೇಸ್ತ್ರಿಯನ್ನೂ ಕರೆದುಕೊಂಡು ಘಟ್ಟ ಇಳಿದೆ.

“ಅಕ್ಕಾ, ನಿಂಗೆ ಮರುಳು. ನೀರಿಲ್ಲೆ, ಎಂತದೂ ಇಲ್ಲೆ, ಬರೀ ವಾಸನೆ ಇದ್ದು. ಆನಂತೂ ಇಲ್ಲಿ ಒಂದು ಲೋಟ ಚಾನೂ ಕುಡಿತ್ನಿಲ್ಲೆ,” ಎಂದು ತಮ್ಮ ಮೂಗು ಮುಚ್ಚಿಕೊಂಡು ಹೊರಗೆ ಹೋದ.

ಅವರಿಬ್ಬರೂ ತೆಂಗಿನ ನೆರಳಲ್ಲಿ ಬುತ್ತಿ ಬಿಚ್ಚಿದರು. ಒಳಗೆ ನಾನೊಬ್ಬಳೇ. ಆಗ ಕೇಳಿತು. ಮೂರನೆಯ ತೊಟ್ಟಿಯ ಅಡಿಯಿಂದ, ಧೊಪ್. ಗುಳುಗುಳು. ಆಮೇಲೆ ಹಗ್ಗ ಕಲ್ಲಿಗೆ ಉಜ್ಜುವ ಸದ್ದು. ಮತ್ತೆ ಇನ್ನೊಂದು ಕೊಡ. ನನಗೆ ಹೆದರಿಕೆಯೇ ಆಗಲಿಲ್ಲ. ನೀರು ಸೇದುವ ಸದ್ದಿಗೆ ಯಾರು ಹೆದರುತ್ತಾರೆ? ಏಳು ಕೊಡ ಎಣಿಸಿದೆ. ಕೂಗಿ ಕರೆದೆ. ಅವರು ಬರುವಷ್ಟರಲ್ಲಿ ಎಲ್ಲ ನಿಶ್ಶಬ್ದ.

“ಈ ತೊಟ್ಟಿ ಒಡೀರಿ,” ಎಂದೆ.

“ಟೀಚರೇ, ಅದ್ರಡಿ ಸಿಕ್ಕಿದ್ರೂ ಉಪ್ಪಿನಕಾಯಿ ನೀರೇ ಸಿಗ್ತದೆ. ಮಾವಿನಮಿಡಿ ತಂದಿಟ್ಕಳಿ,” ಎಂದ ಮೇಸ್ತ್ರಿ. ತಮ್ಮ ಹೋ ಎಂದು ನಕ್ಕ. ನಾನು ಕ್ಲಾಸಿನ ದನಿಯಲ್ಲಿ ಇನ್ನೊಮ್ಮೆ ಹೇಳಿದೆ. ಒಡೆದರು.

ಅಡಿಯಲ್ಲಿ ಚಿರೆಕಲ್ಲು ಕಟ್ಟಿದ ಬಾವಿ! ಬಾಯಿಯವರೆಗೂ ಕಲ್ಲು ಮಣ್ಣು ತುಂಬಿತ್ತು. ಎಂಟು ದಿನ ತೆಗೆಸಿದ ಮೇಲೆ ನೀರು ಬಂತು. ತಿಳಿಯಾಗಲು ಬಿಟ್ಟು, ಮೊದಲ ಬೊಗಸೆ ನಾನೇ ಕುಡಿದೆ. ಸಿಹಿ! ಎಳನೀರಿನ ಹಾಗೆ. ಅರವತ್ತರ ಹೆಂಗಸು, ಸ್ಕೂಲ್ ಹುಡುಗಿಯ ಹಾಗೆ ‘ಹುರ್ರೇ’ ಎಂದು ಕಿರುಚಿದೆ. ತಮ್ಮ ಒಂದು ಲೋಟ ಕುಡಿದ, ಇನ್ನೊಂದಕ್ಕೆ ಕೈ ಚಾಚಿದ.

ಸುದ್ದಿ ಕೇಳಿ ಪಕ್ಕದ ಮೀನುಗಾರರ ಕೇರಿಯವರೆಲ್ಲ ಬಂದರು. ಹುಡುಗಿಯಾಗಿದ್ದಾಗಿನಿಂದ ಯಾರ್ಡ್ ಮುಚ್ಚುವವರೆಗೆ ಅಲ್ಲಿ ಮೀನಿಗೆ ಉಪ್ಪು ತಿಕ್ಕಿದ್ದ ಬೀರಮ್ಮನೂ ಬಂದಳು.

“ಇದು ನಮ್ಮ ಕೇರಿ ಬಾವಿ ಅಮ್ಮೋರೆ. ಯಾರ್ಡ್ ಕಟ್ಟೂಕೆ ಮುಚ್ಚಿದ್ರು ಅಂತ ನಮ್ಮವ್ವಿ ಹೇಳ್ತಿತ್ತು. ನಿಮಗೆ ಯಾರು ಹೇಳಿದ್ರು?”

ಕೊಡದ ಸದ್ದಿನ ಸಂಗತಿ ಹೇಳಿದೆ. ಅವಳು ರಾಶಿ ಬಿದ್ದಿದ್ದ ಕಲ್ಲು ತೋರಿಸಿದಳು. “ಇಷ್ಟು ಕಲ್ಲು ತುಂಬಿತ್ತು. ಕೊಡ ಇಳಿಯೂಕೆ ಜಾಗ ಎಲ್ಲಿತ್ತು?”

ಉಪ್ಪಿನ ತೊಟ್ಟಿಯ ಕೆಳಗೆ ಸಿಹಿನೀರು ಹೇಗೆ ಉಳಿಯಿತೆಂಬುದಕ್ಕೆ ಪರಿಚಯದ ಜಿಯಾಲಜಿ ಲೆಕ್ಚರರ್ ಒಬ್ಬರು ಕಾರಣ ಕೊಟ್ಟರು, ಒಪ್ಪಿದೆ. ಆ ಸದ್ದಿಗೆ ಯಾರೂ ಕಾರಣ ಕೊಟ್ಟಿಲ್ಲ. ನನ್ನಲ್ಲೂ ಇಲ್ಲ. ಪ್ರೂಫ್ ಕೇಳಿದರೆ ನೀರು ಕುಡಿಸಿ ಕಳಿಸುತ್ತೇನೆ, ಅಷ್ಟೇ.

ಮನೆ ಆಯಿತು. ಬಾವಿ ಹಾಲ್‌ನ ನಡುವೆಯೇ, ಆಕಾಶಕ್ಕೆ ಬಾಯಿ ತೆರೆದುಕೊಂಡು ಉಳಿಯಿತು. ಬೀರಮ್ಮನನ್ನು ಕಡೆಯ ಸಲ ನೋಡಿದ್ದು ಅವಳ ಮೊಮ್ಮಗಳ ಮದುವೆಯಲ್ಲಿ, ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ. ಮದುವೆಗೆ ಗಂಗೆ ತರಲು ಅವರು ಅಷ್ಟು ಕಾಲ ಪಕ್ಕದ ಊರಿಗೆ ಹೋಗುತ್ತಿದ್ದರಂತೆ. ಆ ಬೆಳಿಗ್ಗೆ ವಾದ್ಯದೊಂದಿಗೆ ಹೆಂಗಸರೆಲ್ಲ ನೇರ ನನ್ನ ಹಾಲ್‌ಗೆ ನುಗ್ಗಿದರು. ಮುಂದೆ ಬೀರಮ್ಮ, ಸೊಂಟದ ಮೇಲೆ ತುಂಬಿದ ಕೊಡ. ನಾನು ಬಾಗಿಲಲ್ಲಿ ನೋಡುತ್ತ ನಿಂತುಬಿಟ್ಟಿದ್ದೆ.

“ದಾರಿ ಬಿಡಿ ಅಮ್ಮೋರೆ,” ಎಂದಳು. “ಮದ್ಲಗಿತ್ತಿ ನೀರು ಹೋಗ್ತದೆ.”

ನಾನು ಪಕ್ಕಕ್ಕೆ ಸರಿದೆ. ಅವಳು ನೀರು ತುಳುಕಿಸುತ್ತ ಮೆಟ್ಟಿಲಿಳಿದು ಮರಳಿನ ಮೇಲೆ ನಡೆದು ಹೋದಳು.