ಸವಳಂಗದ ಹೋರಿಯೊಡನೆ ಜಗಳೂರಿಗೆ

ಶಿವಮೊಗ್ಗದಿಂದ ಸವಳಂಗಕ್ಕೆ ಆಗ ಬಸ್ ಚಾರ್ಜು ಐದಾಣೆ. ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದವು. ಏರು ಬಂದಲ್ಲೆಲ್ಲ ಇಳಿದು ತಳ್ಳುತ್ತ ನಾವು ಸವಳಂಗ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಕೃಷಿ ಇಲಾಖೆಯಲ್ಲಿ ನಾನು ಫೀಲ್ಡ್‌ಮನ್ ಆಗಿ ಸೇರಿ ಎರಡು ತಿಂಗಳೂ ತುಂಬಿರಲಿಲ್ಲ. ಸವಳಂಗದಲ್ಲಿದ್ದ ಸರ್ಕಾರಿ ಹೋರಿಯೊಂದನ್ನು ನಡೆಸಿಕೊಂಡು ಹೋಗಿ, ಜಗಳೂರಿನ ಹತ್ತಿರದ ಒಂದು ಹಳ್ಳಿಗೆ ಒಪ್ಪಿಸಬೇಕು, ದಾರಿಯಲ್ಲಿ ಚನ್ನಗಿರಿಯ ದನದ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಬೇಕು ಎಂದು ಆರ್ಡರಾಗಿತ್ತು.

ಆ ಹೋರಿಗಳ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು. ಒಳ್ಳೆಯ ತಳಿಯ ಹೋರಿಯನ್ನು ಸರ್ಕಾರ ಒಂದು ಊರಿಗೆ ಕೊಡುತ್ತಿತ್ತು. ಸಾಕುವವರಿಗೆ ಹಿಂಡಿ, ಹುರುಳಿಗೆಂದು ಸಹಾಯಧನವನ್ನೂ ಕೊಡುತ್ತಿತ್ತು. ಊರಿನ ಹಸುಗಳಿಗೆಲ್ಲ ಹೋರಿ ಬಿಟ್ಟಿ. ಕೆಲವು ವರ್ಷಗಳಲ್ಲಿ ಅದರ ಕರುಗಳೇ ಬೆದೆಗೆ ಬರುತ್ತಿದ್ದುದರಿಂದ ಹೋರಿಯನ್ನು ಬೇರೆ ಊರಿಗೆ ಕಳಿಸಿಬಿಡುತ್ತಿದ್ದರು.

ಸವಳಂಗದ ಹೋರಿಯನ್ನು ಸಾಕುತ್ತಿದ್ದವಳು ಗಂಗವ್ವ. ನಲವತ್ತೈದರ ಆಸುಪಾಸು. ಹೋರಿ ಬಂದದ್ದು ಗಂಡನ ಹೆಸರಿಗೆ; ಮರುವರ್ಷವೇ ಅವನು ತೀರಿಕೊಂಡ. ಹೆಂಗಸಿನಿಂದ ಇಂಥ ಹೋರಿಯನ್ನು ಹಿಡಿಯಲಾದೀತೇ ಎಂದು ನನಗಿಂತ ಹಿಂದಿನವರು ವಾಪಸು ಕರೆದೊಯ್ಯಲು ಬಂದಿದ್ದರಂತೆ. ಇವಳು ಮೂಗುದಾಣ ಹಿಡಿಯದೆ, ಬರೀ ಕರೆದು, ಅದನ್ನು ಕೆರೆಗೆ ಕರೆದೊಯ್ದು ತಂದಳಂತೆ. ಅವರು ಹೋರಿಯನ್ನು ಅವಳಲ್ಲೇ ಬಿಟ್ಟು ಹೋದರು. ನಾನು ಆರ್ಡರ್ ಓದಿ ಹೇಳಿದಾಗ ಅವಳು ಅಳಲಿಲ್ಲ, ವಾದವನ್ನೂ ಮಾಡಲಿಲ್ಲ.

"ಸರ್ಕಾರದ್ದು ಸಾಹೇಬ್ರೆ, ಕರೆದಾಗ ಕಳಿಸ್ಬೇಕಲ್ಲ. ಸಿದ್ದ ಅಂತ ಕರೀರಿ, ತಿರುಗಿ ನೋಡ್ತಾನೆ" ಎಂದಳು. ಒಂದು ಗಂಟು ಹುರುಳಿ ಕೊಟ್ಟು, ಹೋರಿಯ ಕೊರಳಡಿ ಜೋಲುವ ಗಂಗೆದೊಗಲನ್ನು ಒಮ್ಮೆ ಸವರಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೋರಿಯನ್ನು ಹೊಡೆದುಕೊಂಡು ಬರಲು ಫಕೀರಪ್ಪನೆಂಬ ಅನುಭವಸ್ಥನನ್ನು ಗೊತ್ತುಮಾಡಿದ್ದೆ. ಬಿಸಿಲು ಇಳಿದ ಮೇಲೆ ಹೊರಟು ನ್ಯಾಮತಿಯಲ್ಲಿ ತಂಗಿದೆವು. ನಮಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಸಿಕ್ಕಿತು. ಹೋರಿ ಮಾತ್ರ ತನ್ನ ಹುರುಳಿಯನ್ನು ಮೂಸಿಯೂ ನೋಡಲಿಲ್ಲ. ದಣಿವಿರಬೇಕು ಎಂದುಕೊಂಡೆ. ಮರುದಿನ ಹೊನ್ನಾಳಿಯ ಹೊಳೆಯಲ್ಲಿ ಮೈ ತೊಳೆದೆವು. ನೀರು ಕುಡಿಯಿತು, ಹಸಿ ಹುಲ್ಲು ತಂದಿಟ್ಟರೆ ಮುಖ ತಿರುಗಿಸಿತು. ಎರಡನೆಯ ಸಂಜೆಗೆ ಪಕ್ಕೆಗಳು ಒಳಕ್ಕೆ ಹೋಗಿದ್ದವು. ಬಂದ ದಾರಿಯ ಕಡೆಗೇ ಮುಖಮಾಡಿ ನಿಂತಿತ್ತು.

"ಇದು ರೋಗ ಅಲ್ರಿ, ಮನಸ್ಸು" ಎಂದ ಫಕೀರಪ್ಪ. "ಹಿಂಗೇ ಬಿಟ್ರೆ ಜಗಳೂರು ಮುಟ್ಟಲ್ಲ ಇದು."

ಕೆಲಸ ಹೋದೀತೆಂಬ ಭಯ ನನಗೆ ಇದ್ದೇ ಇತ್ತು. ಆದರೆ ಆ ಮೂಕಪ್ರಾಣಿ ನನ್ನನ್ನು ನೋಡುತ್ತಿದ್ದ ರೀತಿಗೆ ಅದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು. ಮೇಲಿನವರನ್ನು ಕೇಳುತ್ತ ಕೂರಲು ಸಮಯವಿರಲಿಲ್ಲ. ಬೆಳಗಿನ ಬಸ್ಸಿಗೆ ಫಕೀರಪ್ಪನನ್ನು ಸವಳಂಗಕ್ಕೆ ಅಟ್ಟಿದೆ.

ಮಧ್ಯಾಹ್ನದ ಬಸ್ಸಿನಲ್ಲಿ ಫಕೀರಪ್ಪನ ಜೊತೆ ಗಂಗವ್ವ ಬಂದಿಳಿದಳು. ಬಸ್ಸು ನಿಂತದ್ದು ಹತ್ತಿಪ್ಪತ್ತು ಮಾರು ದೂರದಲ್ಲಿ. "ಏನಲೇ ಸಿದ್ದ" ಎಂದ ಅವಳ ದನಿ ಕೇಳಿದ್ದೇ ತಡ, ಹೋರಿ ಹಗ್ಗ ಜಗ್ಗಿ ಕೂಗಿತು. ಅವಳು ಬೊಗಸೆಯಲ್ಲಿ ಹಿಡಿದ ಹುರುಳಿಯನ್ನು ಒಂದು ಕಾಳೂ ಬಿಡದೆ ತಿಂದಿತು. ನಾನು ನೆಮ್ಮದಿಯಿಂದ ಕೂತುಬಿಟ್ಟೆ. ಅವಳು ಮಾತ್ರ ನಗಲಿಲ್ಲ.

"ಇವತ್ತು ನಾ ಬಂದೆ, ತಿಂದ. ನಾಳೆ ಹೆಂಗೆ ಸಾಹೇಬ್ರೆ? ನನ್ನ ಕೈ ಬಿಟ್ಟು ಬ್ಯಾರೆ ಕೈಲಿ ತಿನ್ನಾದು ನಾನು ಕಲಿಸ್ಲಿಲ್ಲ. ತಪ್ಪು ನಂದೇ. ನಾನೇ ಬಿಟ್ಟು ಬರ್ತೀನಿ ನಡೀರಿ."

ಹಾಗೆ ನಾವು ಮೂವರಾದೆವು. ಹೊನ್ನಾಳಿಯಿಂದ ಚನ್ನಗಿರಿಗೆ ಎರಡು ದಿನ ನಡೆದೆವು. ಬೆಳಗಿನ ತಂಪಿನಲ್ಲಿ ನಡೆಯುವುದು, ಬಿಸಿಲೇರಿದಾಗ ಹುಣಸೆಮರಗಳ ಕೆಳಗೆ ಕೂರುವುದು, ಮಂಡಕ್ಕಿ ಮಜ್ಜಿಗೆ, ಮತ್ತೆ ಸಂಜೆ ನಡಿಗೆ. ಮೊದಲ ದಿನ ಮೇವಿನ ಹೊತ್ತಿಗೆ ಗಂಗವ್ವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತನ್ನ ಬೊಗಸೆಯನ್ನು ನನ್ನ ಬೊಗಸೆಯೊಳಗೆ ಇಡುತ್ತಿದ್ದಳು. ಮರುದಿನ ನನ್ನ ಕೈ ಮೇಲೆ, ಅವಳದು ಕೆಳಗೆ. ಚನ್ನಗಿರಿಯಲ್ಲಿ ಚುಚ್ಚುಮದ್ದು ಹಾಕಿಸಿ ಹೊರಬಂದು ಹುರುಳಿ ಹಿಡಿದಾಗ ಮೆಲ್ಲಗೆ ತನ್ನ ಕೈ ತೆಗೆದುಬಿಟ್ಟಳು. ಹೋರಿ ತಲೆಯೆತ್ತಿ ಅವಳನ್ನು ನೋಡಿತು, ನನ್ನನ್ನು ನೋಡಿತು, ಆಮೇಲೆ ಒರಟು ನಾಲಿಗೆಯಿಂದ ನನ್ನ ಅಂಗೈಯಲ್ಲಿದ್ದ ಹುರುಳಿಯನ್ನು ನೆಕ್ಕಿ ತಿಂದಿತು. ನನ್ನ ಕಣ್ಣು ತುಂಬಿ ಬಂದದ್ದನ್ನು ಫಕೀರಪ್ಪನಿಗೆ ಕಾಣದಂತೆ ಒರೆಸಿಕೊಂಡೆ.

ಚನ್ನಗಿರಿಯಿಂದ ತ್ಯಾವಣಿಗೆ ಒಂದು ದಿನದ ದಾರಿ. ಅಲ್ಲಿ ಗಂಗವ್ವನ ಒಬ್ಬಳೇ ಮಗಳು ನೀಲಮ್ಮನ ಮನೆ. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಅವಳು ಬಾಗಿಲಿಗೆ ಬಂದಳು. ಮೊದಲು ತಾಯಿಯನ್ನು, ಆಮೇಲೆ ಹೋರಿಯನ್ನು ನೋಡಿದಳು. ನೋಡುತ್ತಿದ್ದಂತೆ ಮುಖ ಕಪ್ಪಿಟ್ಟಿತು.

"ನನ್ನ ಬಾಣಂತನಕ್ಕೆ ಕರೆದ್ರೆ ಬರಾಕೆ ಆಗಲ್ಲ ಅಂದೆ. ಹೋರಿ ಬಿಡಾಕೆ ಇಷ್ಟು ದೂರ ಬಂದಿಯೇನವ್ವ?"

ಗಂಗವ್ವ ಜಗುಲಿಯ ಮೇಲೆ ಕೂತಳು. "ಅವಾಗ ಇವನ್ನ ಬಿಟ್ಟು ಬಂದಿದ್ರೆ ಉಪವಾಸ ಬೀಳ್ತಿದ್ದ ಕಣವ್ವ. ಸಾಹೇಬ್ರನ್ನ ಕೇಳು, ಎರಡು ದಿನಕ್ಕೇ ಹೆಂಗಾಗಿದ್ದ ಅಂತ."

"ನಾನು ಉಪವಾಸ ಬೀಳ್ಲಿಲ್ಲ ಬಿಡು" ಎಂದು ನೀಲಮ್ಮ ಒಳಗೆ ಹೋದಳು. ಆದರೂ ನಮಗೆ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಹೊರಡುವಾಗ ತಾಯಿಯ ಸೆರಗಿಗೆ ನಾಲ್ಕು ರೊಟ್ಟಿ ಕಟ್ಟಿದಳು. ಮಾತು ಮಾತ್ರ ಆಡಲಿಲ್ಲ.

ದಾವಣಗೆರೆ ಹಾದು ಮೂರನೆಯ ದಿನ ಜಗಳೂರು ಸೇರಿದೆವು. ಮರಗಳು ಕಡಿಮೆಯಾಗುತ್ತ ಬಂದವು. ಕಲ್ಲುಗುಡ್ಡ, ಕೆಂಪು ನೆಲ, ಊಟಕ್ಕೆ ನವಣೆ ಅನ್ನ. ನಾವು ಹೋಗಬೇಕಾದ ಹಳ್ಳಿ ಅಲ್ಲಿಂದ ಮೂರು ಮೈಲಿ. ಎರಡು ವರ್ಷ ಅರ್ಜಿ ಹಾಕಿ ಕಾದಿದ್ದ ಊರು. ಹೆಂಗಸರು ಹೋರಿಯ ಗೊರಸಿಗೆ ನೀರು ಹುಯ್ದು, ಹಣೆಗೆ ಕುಂಕುಮ ಇಟ್ಟರು. ಆದರೆ ಸಾಕಲು ಒಪ್ಪಿದ್ದ ಓಬಳಪ್ಪ ಹತ್ತಿರ ಬರಲೇ ಹೆದರಿ ನಿಂತಿದ್ದ.

"ಸರ್ಕಾರದ ಪ್ರಾಣಿ ಸ್ವಾಮಿ. ಏನಾರ ಆದ್ರೆ ನಮ್ಮನ್ನ ಬಿಟ್ಟಾರಾ? ಹಿಂಡಿ ಹುರುಳಿಗೆ ಸಹಾಯ ಬರ್ತೈತೆ ಅಂತಾರೆ, ದಿಟವಾ?"

ನಾನು ಇಲಾಖೆಯ ನಿಯಮ ಹೇಳಲು ಬಾಯಿ ತೆರೆದೆ. ಗಂಗವ್ವ ನನಗಿಂತ ಮುಂಚೆ ಹೇಳಿದಳು: "ಬರ್ತೈತೆ ಕಣಣ್ಣ. ಆದ್ರೆ ಅದು ಮಳೆ ಇದ್ದಂಗೆ, ನಾವು ಕರೆದಾಗ ಬರಲ್ಲ. ಅಲ್ಲೀತನಕ ನಾಲ್ಕು ಸೇರು ಹುರುಳಿ ಜ್ವಾಪಾನ ಮಾಡಿಟ್ಕ." ಊರವರೆಲ್ಲ ನಕ್ಕರು. ನಾನೂ ತಲೆ ತಗ್ಗಿಸಿ ನಕ್ಕೆ. ಓಬಳಪ್ಪ ಎರಡು ಹೆಜ್ಜೆ ಮುಂದೆ ಬಂದ.

ಅಲ್ಲಿ ಎರಡು ದಿನ ನಿಂತೆವು. ಗಂಗವ್ವ ಓಬಳಪ್ಪನ ಹೆಂಡತಿ ಮಾರಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನಗೆ ಕಲಿಸಿದಂತೆಯೇ ಅವಳಿಗೂ ಕಲಿಸಿದಳು. ಎಲ್ಲಿ ತುರಿಸಬೇಕು, ಯಾವ ಕಡೆಯಿಂದ ಹೋಗಬಾರದು, ಬೆದರಿದರೆ ಏನು ಹೇಳಬೇಕು ಎಲ್ಲವನ್ನೂ ಹೇಳಿಕೊಟ್ಟಳು. ಮೂರನೆಯ ಬೆಳಗ್ಗೆ, "ಇವತ್ತು ನೀನೊಬ್ಬಳೇ ಹೋಗು ತಂಗಿ. ನಾನು ಗೋಡೆ ಹಿಂದೆ ಇರ್ತೀನಿ" ಎಂದಳು.

ನಾನು ಅವಳ ಜೊತೆ ಗೋಡೆಯ ಮರೆಯಲ್ಲಿ ನಿಂತೆ. ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮಾರಕ್ಕ ನಡುಗುವ ದನಿಯಲ್ಲಿ "ಸಿದ್ದ" ಎಂದಳು. ಹೋರಿ ಕಿವಿ ಆಡಿಸಿತು. ಮಾರಕ್ಕ ಬೊಗಸೆ ಚಾಚಿದಳು. ತಡಮಾಡದೆ ಅದು ತಿನ್ನತೊಡಗಿತು. ಅತ್ತಿತ್ತ ನೋಡಲೂ ಇಲ್ಲ.

"ತಿಂದ್ಬಿಟ್ಟ ನೋಡ್ರಿ" ಎಂದಳು ಗಂಗವ್ವ. ಅವಳ ಮುಖದಲ್ಲಿ ನಗು ಇತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹೋರಿಯನ್ನು ಮತ್ತೆ ಮುಟ್ಟದೆ, ಅದಕ್ಕೆ ಕಾಣದಂತೆ, ಹಿತ್ತಲ ದಾರಿಯಿಂದ ಹೊರಟುಬಿಟ್ಟಳು.

ಹಿಂದಿರುಗುವಾಗ ಬಸ್ಸು. ಫಕೀರಪ್ಪ ಹೊನ್ನಾಳಿ ಕಡೆಯ ಬಸ್ಸಿಗೆಂದು ದಾವಣಗೆರೆಯಲ್ಲೇ ಇಳಿದುಕೊಂಡ. ನಾನು ದನದ ಆಸ್ಪತ್ರೆಯಿಂದ ಚುಚ್ಚುಮದ್ದಿನ ಕಾಗದ ತರಲು ಚನ್ನಗಿರಿಗೆ ಹೋಗಬೇಕಿತ್ತು. ಗಂಗವ್ವ ಅದೇ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತಿದ್ದಳು. ತ್ಯಾವಣಿಗೆ ಬಂದಾಗ ಗ್ಯಾಸಿಗೆ ಇದ್ದಿಲು ತುಂಬಲು ನಿಲ್ಲಿಸಿದರು. ಅವಳು ತನ್ನ ಗಂಟು ಎತ್ತಿಕೊಂಡು ಎದ್ದಳು.

"ಊರಿಗೆ ಬರೋದಿಲ್ವೇ ಗಂಗವ್ವ?"

"ಊರಾಗೆ ಈಗ ನನ್ನ ಕಾಯೋರು ಯಾರವ್ರೆ ಸಾಹೇಬ್ರೆ."

ನೀಲಮ್ಮನ ಮನೆ ರಸ್ತೆಗೇ ಕಾಣುತ್ತಿತ್ತು. ಮಗಳು ಅಂಗಳದಲ್ಲಿ ಕೂಸಿನ ಬಟ್ಟೆ ಒಣಹಾಕುತ್ತಿದ್ದಳು. ತಾಯಿ ಹೋಗಿ ಎದುರಿಗೆ ನಿಂತು ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ನೀಲಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗದ ಮೇಲೆ ಹಾಕಿದಳು. ಆಮೇಲೆ ಒಳಗೆ ಹೋಗಿ ಕೂಸನ್ನು ತಂದು ತಾಯಿಯ ತೋಳಿಗೆ ಹಾಕಿ, ಅವಳ ಕೈಯ ಗಂಟನ್ನು ತಾನು ಇಸಿದುಕೊಂಡಳು. ಬಸ್ಸು ಹೊಗೆ ಕಾರುತ್ತ ಹೊರಟಿತು. ತಿರುವು ದಾಟುವತನಕ ನಾನು ಹಿಂದಕ್ಕೇ ನೋಡುತ್ತಿದ್ದೆ.