ಒಗ್ಗರಣೆಯ ಘಾಟು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನದು. ನನಗಿದ್ದದ್ದು ಕಾರಣ ಹೇಳುವ ಚಟ. ದೊಡ್ಡೇರಿಯಲ್ಲಿ ನನ್ನದೊಂದು ಸಣ್ಣ ಜವಳಿ ಅಂಗಡಿ. ಮಧುಗಿರಿಯಲ್ಲಿ ಲೋವರ್ ಸೆಕೆಂಡರಿ ಪಾಸು ಮಾಡಿದವನು, ವಾರ ತಡವಾಗಿಯಾದರೂ ಪತ್ರಿಕೆ ಓದುವವನು ಎಂದು ಜಗಲಿಯ ಮೇಲೆ ಕೂತವರು ಏನಾದರೂ ಕೇಳುತ್ತಿದ್ದರು. ಕೇಳದಿದ್ದರೂ ನಾನು ಹೇಳುತ್ತಿದ್ದೆ. ಉತ್ತರಕ್ಕೆ ಯಾಕೆ ತಲೆಯಿಟ್ಟು ಮಲಗಬಾರದು? ಭೂಮಿಯಲ್ಲಿ ಅಯಸ್ಕಾಂತವಿದೆ. ಸಿದ್ದರಬೆಟ್ಟ ಹತ್ತಿದರೆ ಪಾಪ ಯಾಕೆ ಹೋಗುತ್ತದೆ? ಬೆವರಿನ ಜೊತೆ ಮೈಯ ವಿಷ ಹೊರಬೀಳುತ್ತದೆ.

"ನಮ್ ಅಂಗಡಿ ಸ್ವಾಮೇರ್ನ ಕೇಳು, ಬೇವಿನ ಮರದ ಕೈಲೂ ಇಂಗ್ಲೀಷ್ ಮಾತಾಡುಸ್ತಾರೆ ಕಣ್ಲಾ," ಎಂದು ಗಾಣದ ಕರಿಯಣ್ಣ ಒಮ್ಮೆ ಯಾರಿಗೋ ಹೇಳಿದ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಈ ವಿದ್ಯೆಗೆ ಧರ್ಮಸಮರ್ಥನೆ ಎಂದು ಹೆಸರಂತೆ. ಅದು ನಮ್ಮವರದೊಂದೇ ಸೊತ್ತೂ ಅಲ್ಲ. ಮಧುಗಿರಿ ಸಂತೆಯಲ್ಲಿ ಒಬ್ಬ ಪಾದ್ರಿ ಬೆಟ್ಟದ ಮೇಲೆ ಸಿಕ್ಕ, ಕಲ್ಲಾದ ಕಡಲ ಚಿಪ್ಪೊಂದನ್ನು ಎತ್ತಿ ಹಿಡಿದು, ತಮ್ಮ ಗ್ರಂಥದ ಜಲಪ್ರಳಯಕ್ಕೆ ಸೈನ್ಸೇ ಸಾಕ್ಷಿ ಎಂದ. ಹಾಗಾದರೆ ನಮ್ಮ ಪ್ರಳಯಕ್ಕೂ ಅದೇ ಚಿಪ್ಪು ಸಾಕ್ಷಿ ಹೇಳಲಿ ಎಂದೆ. ಸಂತೆ ನಕ್ಕಿತು. ಚಿಪ್ಪಿನ ವಿಷಯ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮೊದಲು ಕಕ್ಷಿದಾರನನ್ನು ಹಿಡಿದು ಆಮೇಲೆ ಸಾಕ್ಷಿ ಹುಡುಕುವ ವಕೀಲರ ಹಾಗೆ, ತೀರ್ಪನ್ನು ಮನೆಯಿಂದಲೇ ಬರೆದುಕೊಂಡು ಬಂದಿದ್ದೆವು. ಇದರಿಂದ ಯಾರಿಗೂ ಕೇಡಿಲ್ಲ ಎಂದುಕೊಂಡಿದ್ದೆ.

ನಮ್ಮ ಕಡೆ ಸಿಡುಬಿಗೆ ಅಮ್ಮ ಎಂದೂ, ಅದು ಬಾರದಂತೆ ತೋಳು ಗೀರಿ ಮದ್ದು ಹಾಕುವುದಕ್ಕೆ ದೇವಿ ಹಾಕುವುದು ಎಂದೂ ಹೇಳುತ್ತಾರೆ. ಹೋದ ವರ್ಷ ಸರ್ಕಾರದ ದೇವಿ ಹಾಕುವವನು ಅಂಗಡಿಗೆ ಬಂದ. ನನ್ನ ಹೆಂಡತಿ ಸಿದ್ಧಮ್ಮ ಆರು ವರ್ಷದ ಮಗಳು ಗೌರಿಯನ್ನು ಬಾಗಿಲ ತನಕ ಕರೆತಂದು, "ಊರೋರೆಲ್ಲ ಹಾಕುಸ್ತಾವ್ರೆ, ಇವ್ಳಿಗೂ ಹಾಕುಸ್ಬುಡಿ," ಎಂದಳು. ಜಗಲಿಯ ತುಂಬ ಜನ. ಚಟ ಬಿಡಬೇಕಲ್ಲ. ಅಮ್ಮ ಬಂದ ಮನೆಗೆ ಬೇವು ಯಾಕೆ ಕಟ್ಟುತ್ತಾರೆ, ಅದರ ಗಾಳಿಗೆ ರೋಗದ ಹುಳು ಹೇಗೆ ಸಾಯುತ್ತದೆ, ಇದನ್ನು ನಮ್ಮ ಹಿರಿಯರು ಡಾಕ್ಟರುಗಳಿಗಿಂತ ಮೊದಲೇ ಹೇಗೆ ಕಂಡುಕೊಂಡಿದ್ದರು ಎಂದು ಶುರು ಮಾಡಿದೆ. ಅಮ್ಮ ಇರುವಷ್ಟು ದಿನ ಒಗ್ಗರಣೆ ಹಾಕಬಾರದು, ಹೊಗೆ ಹುಣ್ಣಿಗೆ ಕೇಡು. ಸತ್ತರೂ ಅಳಬಾರದು, ಅತ್ತರೆ ಜನ ಕೂಡುತ್ತಾರೆ, ರೋಗ ಹರಡುತ್ತದೆ. ಎಲ್ಲ ಸೈನ್ಸೇ ಇರುವಾಗ ನಿನ್ನ ಮದ್ದು ಯಾಕಪ್ಪ? ಅದು ಹೇಗೆ ಕೆಲಸ ಮಾಡುತ್ತದೆ, ಹೇಳು ನೋಡೋಣ.

"ಅದೆಲ್ಲ ನಂಗೆ ಗೊತ್ತಿಲ್ಲ ಸ್ವಾಮಿ," ಎಂದ ಅವನು. "ಹಾಕುಸ್ಕೊಂಡ ಮಕ್ಳು ಉಳ್ಕೊಂತವೆ. ಅಷ್ಟು ನೋಡಿವ್ನಿ."

ಜಗಲಿಯವರು ನಕ್ಕರು. ನಾನು ಗೆದ್ದೆ. ಅವನು ಪೆಟ್ಟಿಗೆ ಮುಚ್ಚಿ ಮುಂದಿನ ಮನೆಗೆ ಹೋದ. ಸಿದ್ಧಮ್ಮ ಮಗಳ ತೋಳಿನ ಮೇಲೆ ಕುಪ್ಪಸದ ಮಡಿಕೆ ಇಳಿಸಿ ಒಳಗೆ ಕರೆದುಕೊಂಡು ಹೋದಳು. ಊರೂರಿಂದ ಸಾಕ್ಷಿಗೆಂದು ಕರೆಯುತ್ತಿದ್ದ ವಿಜ್ಞಾನ ತಾನಾಗಿ ನನ್ನ ಬಾಗಿಲಿಗೆ ನಡೆದು ಬಂದ ದಿನ, ನಾನು ಅದನ್ನು ಒಳಗೆ ಬಿಡಲಿಲ್ಲ.

ಈ ಬೇಸಿಗೆಯಲ್ಲಿ ಗೌರಿಗೆ ಅಮ್ಮ ಬಂದಳು. ಬೇವು ಕಟ್ಟಿದೆವು. ಗಾಳಿ ಧಾರಾಳವಾಗಿ ಬೀಸಿತು. ಒಂಬತ್ತನೆಯ ದಿನ ಮಗು ಹೋಯಿತು.

ಪಕ್ಕದ ಮನೆಯ ರುದ್ರಮ್ಮಜ್ಜಿ ಸಿದ್ಧಮ್ಮನ ಕೈ ಹಿಡಿದು, "ಅಳ್ಬ್ಯಾಡ ಕಣಮ್ಮ. ಅಮ್ಮ ಕರ್ಕೊಂಡು ಹೋಗವ್ಳೆ, ಅತ್ರೆ ಮುನುಸ್ಕೊಂತಾಳೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಹೇಳಿದ್ಯಲ್ಲಪ್ಪ, ಅದ್ರಾಗೂ ಏನೋ ಐತೆ ಅಂತ," ಎಂದರು. ಹೇಳಿದ್ದೆ. ಊರಿಗೆಲ್ಲ ಹೇಳಿದ್ದೆ. ನನ್ನ ಹೆಂಡತಿ ನನ್ನ ಮುಖ ನೋಡಿದಳು, ಅಳಲಿಲ್ಲ.

ವಿಜ್ಞಾನದ ಬಗ್ಗೆ ನನಗೆ ಈಗ ತಿಳಿದಿರುವುದು ಇಷ್ಟೆ: ಗೊತ್ತಿಲ್ಲ ಎನ್ನಲು ಅದಕ್ಕೆ ನಾಚಿಕೆಯಿಲ್ಲ. ನನ್ನ ವಿದ್ಯೆ ಆ ಮಾತನ್ನು ಒಂದು ದಿನವೂ ಆಡಿದ್ದಿಲ್ಲ. ದೇವರನ್ನು ಹೀಗೆ ಕಾಪಾಡುವ ಕೆಲಸವನ್ನು ದೇವರು ನನಗೆ ಒಪ್ಪಿಸಿಯೂ ಇರಲಿಲ್ಲ.

ಬಾಗಿಲ ಬೇವು ತೆಗೆದು, ಅಮ್ಮನಿಗೆ ಮೊಸರನ್ನ ಎಡೆಯಿಟ್ಟು ಕಳಿಸಿಕೊಟ್ಟ ಮಾರನೆಯ ದಿನ ಸಿದ್ಧಮ್ಮ ಒಲೆಯ ಮೇಲೆ ಬಾಣಲೆ ಇಟ್ಟಳು. ಎಷ್ಟೋ ದಿನದ ಮೇಲೆ ಸಾಸಿವೆ ಸಿಡಿಯಿತು. ಒಣಮೆಣಸಿನಕಾಯಿ ಹಾಕಿದಳು. ಒಂದೆರಡಲ್ಲ, ಹಿಡಿ ತುಂಬ. ಅದು ಕರ್ರಗಾದರೂ ಬಾಣಲೆ ಇಳಿಸಲಿಲ್ಲ. ಘಾಟು ನಡುಮನೆ ದಾಟಿ ಬೀದಿಗೆ ಹೋಯಿತು. ಒಲೆಯ ಮುಂದೆ ಕೂತವಳ ಕಣ್ಣಿಂದ ನೀರು ಇಳಿಯಿತು, ಬೆನ್ನು ಅಲುಗಿತು, ಆಮೇಲೆ ದನಿಯೂ ಬಂತು.

"ಏನಮ್ಮ ಅದು, ಅಳ್ತಾ ಇದೀಯಾ?" ಎಂದು ರುದ್ರಮ್ಮಜ್ಜಿ ಗೋಡೆಯಾಚೆಯಿಂದ ಕೂಗಿದರು.

"ಇಲ್ಲ ಕಣಜ್ಜಿ. ಒಗ್ಗರಣೆ ಘಾಟು," ಎಂದೆ ನಾನು.

ಇಷ್ಟು ವರ್ಷ ಹೇಳಿದ ಕಾರಣಗಳಲ್ಲಿ, ಸುಳ್ಳೆಂದು ತಿಳಿದೇ ಹೇಳಿದ್ದು ಅದೊಂದೇ.